ಅವ್ವ ಕೂತ ಭಾನುವಾರ

ಬೈರಾಪಟ್ಟಣದ ನಮ್ಮ ಮನೆಯಲ್ಲಿ ಗಾಳಿ ಬೆಳಕು ಸರಿಯಾಗಿ ಬರುತ್ತಿದ್ದ ಒಂದೇ ಕೋಣೆ ರೇಷ್ಮೆ ಹುಳುಗಳದ್ದಾಗಿತ್ತು. ಎರಡು ಕಡೆ ಕಿಟಕಿ, ನೊಣ ಬಾರದ ಹಾಗೆ ಕಿಟಕಿಗೆ ಬಲೆ, ಬೇಸಿಗೆ ಬಂದರೆ ನೀರು ಚಿಮುಕಿಸಿದ ಗೋಣಿತಾಟಿನ ಪರದೆ. ಹುಳುಗಳಿಗೆ ಹೊಗೆ ತಾಗಬಾರದು, ಸೆಕೆ ಆಗಬಾರದು, ಒಗ್ಗರಣೆಯ ಘಾಟು ಕೂಡ ಹೋಗಬಾರದು. ಮನುಷ್ಯರಾದ ನಾವು ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ನಡುಮನೆಗೂ ಅಡುಗೆಮನೆಗೂ ಮಧ್ಯೆ ಬಾಗಿಲಿರಲಿಲ್ಲ. ಬೆಳಗಾಗುವ ಮುಂಚೆ ಅವ್ವ ಹಿಪ್ಪುನೇರಳೆ ಕಡ್ಡಿಯನ್ನು ಒಲೆಗಿಟ್ಟು ಊದಿದರೆ ಹೊಗೆ ನೇರವಾಗಿ ನಮ್ಮ ಹಾಸಿಗೆಯ ಮೇಲೆ ಬಂದು ಕೂರುತ್ತಿತ್ತು. ನನ್ನ ತಂಗಿ ರೇಖಾಳಿಗೆ ಉಬ್ಬಸ. ಅವಳು ಎದ್ದು ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು, ಎದೆಯಿಂದ ಕೊಳಲಿನಂಥ ಸದ್ದು ಹೊರಡಿಸುತ್ತಾ ಉಸಿರನ್ನು ಹುಡುಕುತ್ತಿದ್ದಳು. ಆಚೆ ಕೋಣೆಯಲ್ಲಿ ಹುಳುಗಳು ತಣ್ಣಗೆ ಸೊಪ್ಪು ಮೇಯುತ್ತಿದ್ದವು. ಮಗುವನ್ನು ಆ ಕೋಣೆಯ ಒಂದು ಮೂಲೆಯಲ್ಲಿ ಮಲಗಿಸೋಣ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ. ಅನ್ನಬಹುದು ಅನ್ನುವುದೇ ಯಾರಿಗೂ ಹೊಳೆಯಲಿಲ್ಲ.

ಮನೆಯ ಯಜಮಾನ ನಮ್ಮ ದೊಡ್ಡಪ್ಪ, ಬೋರೇಗೌಡ. ಅಪ್ಪನ ಅಣ್ಣ. ಅವರಿಗೆ ಕೂತವರನ್ನು ಕಂಡರೆ ಆಗುತ್ತಿರಲಿಲ್ಲ. ಹೊಲದಿಂದ ಬಂದು ಚಪ್ಪಲಿ ಬಿಡುವಾಗಲೇ ಅವರ ಕಣ್ಣು ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಯಾರು ಕೂತಿದ್ದಾರೆ ಎಂದು ನೋಡುತ್ತಿತ್ತು. ಅವರ ಕೆಮ್ಮು ಹಿತ್ತಿಲಿನಲ್ಲಿ ಕೇಳಿದರೆ ಸಾಕು, ದೊಡ್ಡಮ್ಮ ಸಾಕಮ್ಮ ತಟ್ಟನೆ ಎದ್ದು, ಮಾಡಲು ಏನೂ ಇಲ್ಲದಿದ್ದರೂ ಒಂದು ಪೊರಕೆಯನ್ನೋ ಮೊರವನ್ನೋ ಕೈಗೆತ್ತಿಕೊಳ್ಳುತ್ತಿದ್ದರು. ಅವ್ವನೂ ಹಾಗೇ. ದಿನಕ್ಕೆ ಎಷ್ಟೋ ಸಲ ಸೊಪ್ಪು ಕೊಯ್ದು, ಹೆಚ್ಚಿ, ಹುಳುಗಳಿಗೆ ಹಾಕಿ, ತಟ್ಟೆ ಬದಲಾಯಿಸಿ, ಮುದ್ದೆ ತೊಳಸಿ, ಕಸ ಹೊತ್ತು, ಊಟಕ್ಕೆ ಕೂತರೂ ಒಂದು ಮೊಣಕಾಲನ್ನು ಎತ್ತಿಯೇ ಕೂರುತ್ತಿದ್ದಳು, ಕರೆದ ಕೂಡಲೇ ಏಳಲು ಸುಲಭವಾಗಲಿ ಎಂದು. ಇದೇ ದೊಡ್ಡಪ್ಪ, ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನೆ ಕೂರುವ ಹೊತ್ತಿನಲ್ಲಿ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿದ್ದರು. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬೇಡಿ, ಅದು ಎದ್ದ ಮೇಲೆಯೇ ಸೊಪ್ಪು ಎಂದು ನಮಗೆಲ್ಲ ತಾಕೀತು ಮಾಡುತ್ತಿದ್ದರು. ಹುಳುವಿಗೆ ದಣಿವಿದೆ ಎಂದು ಗೊತ್ತಿದ್ದ ಮನುಷ್ಯ ಅವರು. ಅದಕ್ಕೇ ನಾನು ಅವರನ್ನು ತಿಳಿಯದವರು ಎಂದು ಬಿಟ್ಟುಬಿಡಲಾರೆ.

ಅಪ್ಪ ಬಿಡದಿಯ ಕಡೆಗೆ ಹೋಗುತ್ತಿದ್ದ. ಆಗ ಮೈಸೂರು ರಸ್ತೆಯನ್ನು ಅಗಲ ಮಾಡಿ, ಅದರ ಎರಡೂ ಬದಿಗೆ ಕಾರ್ಖಾನೆಗಳು ಏಳುತ್ತಿದ್ದವು. ಊರಿನ ಹುಡುಗರೆಲ್ಲ ನೀಲಿ ಅಂಗಿ ತೊಟ್ಟು ಕಂಪನಿ ಬಸ್ಸು ಹತ್ತುತ್ತಿದ್ದ ಕಾಲ. ಅಪ್ಪ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಿದ್ದ. ಸಂಬಳದ ಕವರನ್ನು ಒಡೆಯದೆ ತಂದು ಅಣ್ಣನ ಕೈಗೆ ಕೊಡುತ್ತಿದ್ದ. ಅದನ್ನು ಊರಿನವರು ಮೆಚ್ಚುತ್ತಿದ್ದರು. ರಾಮ ಲಕ್ಷ್ಮಣರ ಹಾಗಿದ್ದಾರೆ ಎನ್ನುತ್ತಿದ್ದರು. ಲಕ್ಷ್ಮಣನ ಹೆಂಡತಿಯನ್ನು ಯಾರೂ ವಿಚಾರಿಸಲಿಲ್ಲ. ಆ ವರ್ಷ ಕಂಪನಿಯವರು ಕೆಲಸಗಾರರಿಗೆಲ್ಲ ಹೆದ್ದಾರಿ ಪಕ್ಕದ ದೊಡ್ಡ ಪಾರ್ಕಿಗೆ ಮನೆಮಂದಿಯ ಪಾಸು ಕೊಟ್ಟರು. ನೀರಿನ ಜಾರುಬಂಡೆ, ಆಕಾಶಕ್ಕೆ ತೂಗುವ ಹಡಗು, ಸಮುದ್ರದಂತೆ ಅಲೆ ಬರುವ ಕೊಳ. ಬಸ್ಸಿನಲ್ಲಿ ರಾಮನಗರ ದಾಟಿ ಹೋಗುವಾಗ ಕಿಟಕಿಯಿಂದ ಅದರ ಚಕ್ರದ ತಲೆ ಕಂಡರೆ ನಾನೂ ರೇಖಾಳೂ ಸೀಟಿನಿಂದ ಎದ್ದು ನಿಲ್ಲುತ್ತಿದ್ದೆವು. ಅಪ್ಪ ಆ ಪಾಸುಗಳನ್ನೂ ತಂದು ಅಣ್ಣನ ಕೈಗೇ ಕೊಟ್ಟ.

ರೇಖಾಳನ್ನು ಹೇಗೆ ನಡೆಸಬೇಕು ಎನ್ನುವುದು ಅವ್ವನಿಗೆ ಮಾತ್ರ ಗೊತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಅವಳನ್ನು ಅರಳಿಕಟ್ಟೆಯ ಮೇಲೊಮ್ಮೆ, ಡೈರಿಯ ಜಗುಲಿಯ ಮೇಲೊಮ್ಮೆ ಕೂರಿಸಬೇಕು. ಅವಳು ಬೇಡ, ನನಗೇನೂ ಆಗಿಲ್ಲ ಎಂದರೂ ಕೂರಿಸಬೇಕು. ಆ ಕೆಲಸ ನನ್ನದು. ಮೊದಮೊದಲು ನನಗೆ ಬೇಸರವಾಗುತ್ತಿತ್ತು, ಬೆಲ್ಲು ಹೊಡೆದುಬಿಡುತ್ತದೆ ಎಂದು ಗೊಣಗುತ್ತಿದ್ದೆ. ಅವ್ವ ಒಮ್ಮೆ ಕೂರಿಸಿ ಹೇಳಿದಳು:

"ಸುಸ್ತಾದ್ಮೇಲೆ ಕೂರ್ಸೋದಲ್ಲ ಕಣವ್ವ. ಸುಸ್ತಾದ್ಮೇಲೆ ಕೂತ್ರೆ ಅವಳ ಉಸ್ರು ವಾಪಸ್ ಬರಾಕಿಲ್ಲ. ಇನ್ನೂ ನಗ್ತಾ ಇರೋವಾಗ್ಲೇ ಕೂರ್ಸ್ಬೇಕು."

ಪಾರ್ಕಿಗೆ ಹೋಗುವ ಮಾತು ಬಂದಾಗಲೂ ಅವ್ವ ಹಾಗೆಯೇ ಯೋಚಿಸಿದ್ದಳು. ಬೆಳಗಿನ ತಂಪಿನಲ್ಲಿ ಮಕ್ಕಳು ಒಂದೆರಡು ಆಟ ಆಡಲಿ. ಬಿಸಿಲು ಏರಿದಾಗ ಎಲ್ಲರೂ ಮರದ ಕೆಳಗೆ ಉಂಡು ಒಸಿ ಮಲಗಲಿ. ಇಳಿಹೊತ್ತಿಗೆ ನೀರಿಗೆ ಇಳಿಯಲಿ. ಆಗದಿದ್ದರೆ ಉಳಿದದ್ದು ಉಳಿಯಲಿ. ಇದನ್ನು ಅವ್ವ ನೇರವಾಗಿ ಭಾವನಿಗೆ ಹೇಳುವಂತಿರಲಿಲ್ಲ. ಅಪ್ಪನಿಗೆ ಹೇಳಿದಳು. ಅಪ್ಪ ಊಟದ ಹೊತ್ತಿನಲ್ಲಿ, ತಟ್ಟೆ ನೋಡುತ್ತಾ, ತನ್ನದೇ ಮಾತೆಂಬಂತೆ ಅಣ್ಣನ ಮುಂದಿಟ್ಟ. ದೊಡ್ಡಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ಮಲಗುವುದಕ್ಕೆ ಅಲ್ಲಿಯವರೆಗೆ ಯಾಕೆ ಹೋಗಬೇಕು, ಮನೆಯಲ್ಲೇ ಮಲಗಿ ಎಂದರು. ಒಳಗೆ ಏನೇನಿದೆಯೋ ಅಷ್ಟನ್ನೂ ಆಡಿಯೇ ಬರಬೇಕು, ಬಿಟ್ಟಿ ಬಂತೆಂದು ಬಿಟ್ಟು ಬಂದರೆ ಊರವರು ನಗುತ್ತಾರೆ ಎಂದರು. ಮತ್ತೊಂದು ಮಾತನ್ನೂ ಹೇಳಿದರು. ಒಂದು ಮನೆಯವರು ಒಟ್ಟಿಗೇ ಇರಬೇಕು, ಒಬ್ಬೊಬ್ಬರು ಒಂದೊಂದು ಕಡೆ ಹೋಗಕೂಡದು. ಅಪ್ಪ ಹೂಂ ಎಂದ. ಅವ್ವ ಒಲೆಯ ಮುಂದೆ ಕೂತು ಕೆಂಡ ಕೆದಕುತ್ತಿದ್ದಳು. ಅವಳ ಬೆನ್ನು ನನಗೆ ಕಾಣುತ್ತಿತ್ತು.

ಭಾನುವಾರ ಕೋಳಿ ಕೂಗುವ ಮುಂಚೆ ಅವ್ವನೂ ದೊಡ್ಡಮ್ಮನೂ ಎದ್ದು ಪುಳಿಯೋಗರೆ, ಮೊಸರನ್ನ, ಕೋಡುಬಳೆ ಮಾಡಿ ಕಟ್ಟಿದರು. ಬೆಳೆ ಮುಗಿದು ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿತ್ತು. ಹುಳುವಿನ ಕೋಣೆ ತೊಳೆದು ಒಣಗಲು ಬಿಟ್ಟಿತ್ತು. ಬಾಡಿಗೆ ವ್ಯಾನಿನಲ್ಲಿ ದೊಡ್ಡಪ್ಪ ಮುಂದಿನ ಸೀಟು, ಹಿಂದೆ ನಾವು, ದೊಡ್ಡಪ್ಪನ ಮಗ ಮಂಜ ಕಿಟಕಿಯ ಪಕ್ಕ. ರೇಖಾ ಹೊಸ ಲಂಗ ಹಾಕಿ ನನ್ನ ತೊಡೆಯ ಮೇಲೆ ಕೂತಿದ್ದಳು. ಅವಳಷ್ಟು ಸಂತೋಷವಾಗಿದ್ದವರು ಆ ವ್ಯಾನಿನಲ್ಲಿ ಯಾರೂ ಇರಲಿಲ್ಲ. ಪಾರ್ಕಿನ ಬಾಗಿಲಲ್ಲಿ ಕಾವಲುಗಾರ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದ. ಬುತ್ತಿ ವ್ಯಾನಿನಲ್ಲೇ ಉಳಿಯಿತು. ಕೈಗೆ ಮುದ್ರೆ ಹಾಕಿಸಿಕೊಂಡು ಮಧ್ಯಾಹ್ನ ಹೊರಗೆ ಬಂದು ಉಂಡು ಹೋಗಬಹುದು ಎಂದೂ ಅವನೇ ಹೇಳಿದ. ಅವ್ವನ ಮುಖ ಗೆಲುವಾಯಿತು.

ಒಳಗೆ ಹೋದ ಮೇಲೆ ಅದು ಹಬ್ಬವಾಗಿ ಉಳಿಯಲಿಲ್ಲ, ಕಳೆ ಕೀಳುವ ಕೆಲಸದಂತಾಯಿತು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಮುಂದೆ, ಸಾಲಾಗಿ ನಾವು ಹಿಂದೆ. ಒಂದು ಆಟದ ಸಾಲಿನಲ್ಲಿ ನಿಲ್ಲುವುದು, ಬಿಸಿಲಿಗೆ ಬೇಯುವುದು, ತಿರುಗಿ ಇಳಿಯುವುದು, ತಲೆಸುತ್ತು ನಿಲ್ಲುವ ಮುಂಚೆಯೇ ಮುಂದಿನ ಸಾಲಿಗೆ ಓಡುವುದು. ಮಂಜನಿಗೆ ಹಡಗಿನಲ್ಲಿ ವಾಂತಿಯಾಯಿತು. ಅವನ ಬಾಯಿ ತೊಳೆಸಿ, ಬೆನ್ನು ತಟ್ಟಿ, ಮತ್ತೆ ಸಾಲಿಗೆ ನಿಲ್ಲಿಸಿದರು. ಅವನು ಅಳುತ್ತಿದ್ದ, ಅವನ ಮೇಲೂ ನನಗೆ ಈಗ ಕನಿಕರವಿದೆ. ಬಿಸಿಲು ನೆತ್ತಿಗೆ ಬಂತು. ಊಟದ ಮಾತು ಎತ್ತಿದ್ದಕ್ಕೆ ದೊಡ್ಡಪ್ಪ, ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೆಂದು ಏನು ಗ್ಯಾರಂಟಿ, ಸಂಜೆ ಉಂಡರಾಯಿತು ಎಂದರು. ಅಷ್ಟು ಹೊತ್ತಿಗೆ ರೇಖಾಳ ನಗು ನಿಂತಿತ್ತು. ಅವಳ ಹೆಗಲು ಉಸಿರಿನ ಜೊತೆ ಏರಿ ಇಳಿಯುವುದು ನನಗೂ ಅವ್ವನಿಗೂ ಒಂದೇ ಸಲ ಕಂಡಿತು. ಅಲೆಯ ಕೊಳದ ಮೆಟ್ಟಿಲುಗಳ ಹತ್ತಿರ ಒಂದು ಹೊಂಗೆ ಮರ, ಅದರ ಸುತ್ತ ಸಿಮೆಂಟಿನ ಕಟ್ಟೆ. ಅವ್ವ ಹೋಗಿ ಅಲ್ಲಿ ಕೂತಳು. ಎರಡೂ ಕಾಲು ಚಾಚಿ, ಪೂರ್ತಿಯಾಗಿ ಕೂತಳು. ರೇಖಾಳನ್ನು ಮಡಿಲಿಗೆ ಎಳೆದುಕೊಂಡಳು. ದೊಡ್ಡಮ್ಮನೂ ಅವಳ ಪಕ್ಕ ಕೂರಲು ಬಾಗಿದವರು, ಗಂಡನ ಮುಖ ನೋಡಿ, ಹಾಗೇ ನೆಟ್ಟಗಾದರು.

ಭಾವ ಎಂದರೆ ತಲೆ ಎತ್ತಿ ಮಾತಾಡದ ಮನೆ ನಮ್ಮದು. ದೊಡ್ಡಪ್ಪ ಅವ್ವನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದರು.

"ಲೇ ಶಿವಲಿಂಗ, ನಿನ್ನೆಂಡ್ರುನ್ನ ಏಳ್ಸು."

ಅಪ್ಪ ಬಂದು ಅವ್ವನ ಮುಂದೆ ನಿಂತ. ಅಣ್ಣನಿಗೆ ಬೇಜಾರಾಗುತ್ತದೆ, ಎಲ್ಲರೂ ನೋಡುತ್ತಿದ್ದಾರೆ, ಒಸಿ ಅಡ್ಜಸ್ಟ್ ಮಾಡಿಕೋ ಎಂದ. ಅವ್ವ ಅಪ್ಪನ ಮುಖ ನೋಡಲಿಲ್ಲ. ಅವನ ಹಿಂದೆ ನಿಂತಿದ್ದ ದೊಡ್ಡಪ್ಪನನ್ನು ನೋಡಿದಳು.

"ನಾನ್ ಏಳಾಕಿಲ್ಲ, ಭಾವ. ಮಗೀಗೆ ಉಸ್ರು ಹಿಡಿತಾ ಐತೆ. ನೀವು ಹೋಗ್ಬನ್ನಿ, ನಾವಿಲ್ಲೇ ಇರ್ತೀವಿ."

ಆ ಮಾತಿನಲ್ಲಿ ಕೂಗಿರಲಿಲ್ಲ, ಅಗೌರವವಿರಲಿಲ್ಲ. ಆದರೆ ದೊಡ್ಡಪ್ಪನ ಮುಖ ನಾಲ್ಕು ಜನರ ಮುಂದೆ ಯಾರೋ ಹೊಡೆದಂತಾಯಿತು. ನೀನು ಮುದ್ದು ಮಾಡಿ ಮಾಡಿಯೇ ಹುಡುಗಿಗೆ ರೋಗ ಹತ್ತಿದೆ, ನೀರಿಗೆ ಇಳಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾ ಅವರು ಬಾಗಿ ರೇಖಾಳ ತೋಳು ಹಿಡಿದು ಎಬ್ಬಿಸಿದರು. ಅವ್ವ ಇನ್ನೊಂದು ತೋಳು ಹಿಡಿದಳು. ಮಗುವನ್ನು ಇಬ್ಬರೂ ಎಳೆಯುವ ಹಾಗಾಯಿತು. ಅವ್ವನೇ ಕೈ ಬಿಟ್ಟಳು. ಎಳೆದರೆ ಮಗುವಿಗೆ ನೋವಾಗುತ್ತದೆ ಎನ್ನುವವರೇ ಮೊದಲು ಕೈ ಬಿಡಬೇಕಾಗುತ್ತದೆ. ರೇಖಾ ಹೋಗಲು ಒಲ್ಲೆ ಎನ್ನಲಿಲ್ಲ. ಅವಳಿಗೆ ಆ ಅಲೆ ಬೇಕಾಗಿತ್ತು. ಎಷ್ಟೋ ದಿನದಿಂದ ಅದನ್ನೇ ಕನವರಿಸಿದ್ದಳು. ದೊಡ್ಡಪ್ಪ ಪಂಚೆ ಬಿಚ್ಚಿ ಕಟ್ಟೆಯ ಮೇಲೆಸೆದು ಚಡ್ಡಿಯಲ್ಲೇ ಹೊರಟರು, ಅವಳು ಅವರ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ಅವ್ವ ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದಳು. ಸೀರೆಯಲ್ಲಿ ನೀರಿಗೆ ಬಿಡುವುದಿಲ್ಲ ಎಂದು ಅಂಚಿನಲ್ಲಿದ್ದ ಕಾವಲಿನವನು ಅವಳನ್ನು ತಡೆದ.

ಸೈರನ್ ಕೂಗಿತು. ಜನ ಹೋ ಎಂದರು. ಅಲೆಗಳು ಬಂದವು. ಮೊದಲನೆಯದಕ್ಕೆ ರೇಖಾ ಎರಡೂ ಕೈ ಎತ್ತಿ ಹಾರಿದ್ದನ್ನು ಕಂಡೆ. ಎರಡನೆಯದು ಅವಳ ಮುಖಕ್ಕೆ ಬಡಿಯಿತು. ಆಮೇಲೆ ಅವಳು ಹಾರಲಿಲ್ಲ, ಕೂಗಲೂ ಇಲ್ಲ. ಬಾಯಿ ತೆರೆದು, ಕತ್ತಿನ ನರ ಸೆಟೆದು, ನಮ್ಮ ಕಡೆ ತಿರುಗಿ ನಿಂತುಬಿಟ್ಟಳು. ದೊಡ್ಡಪ್ಪ ಮುಂದಿನ ಅಲೆಯ ಕಡೆ ಮುಖ ಮಾಡಿದ್ದರು. ಅವ್ವ ಕಾವಲಿನವನನ್ನು ತಳ್ಳಿ ಸೀರೆಯಲ್ಲೇ ನೀರಿಗೆ ಬಿದ್ದಳು. ಅವಳ ಹಿಂದೆ ಅವನೂ ಇಳಿದ. ಇಬ್ಬರೂ ಸೇರಿ ಮಗುವನ್ನು ಹೊತ್ತು ತಂದರು. ರೇಖಾಳ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು.

ಪಾರ್ಕಿನವರದೇ ಒಂದು ಚಿಕ್ಕ ಚಿಕಿತ್ಸೆಯ ಕೋಣೆಯಿತ್ತು. ಅಲ್ಲಿದ್ದ ನರ್ಸ್ ರೇಖಾಳ ಮೂಗು ಬಾಯಿಗೆ ಮುಖವಾಡದಂಥದ್ದು ಇಟ್ಟು ಔಷಧಿಯ ಹಬೆ ಕೊಟ್ಟಳು. ಬಹಳ ಹೊತ್ತಾದ ಮೇಲೆ ಆ ಕೊಳಲಿನ ಸದ್ದು ಮತ್ತೆ ಕೇಳಿಸಿತು. ಆ ಸದ್ದನ್ನು ಕೇಳಿ ಅವ್ವ ಮೊದಲ ಸಲ ಅತ್ತಳು, ಏಕೆಂದರೆ ಅದು ಕೇಳಿಸಿತೆಂದರೆ ಉಸಿರು ವಾಪಸು ಬಂತೆಂದೇ ಅರ್ಥ. ಹೊರಗೆ ದೊಡ್ಡಪ್ಪ ಯಾರಿಗೂ ಅಲ್ಲದೆ ಎಲ್ಲರಿಗೂ ಹೇಳುತ್ತಿದ್ದರು, ಒಬ್ಬ ಹೆಂಗಸು ಹಟ ಮಾಡಿ ಮನೆಮಂದಿಯ ದಿನವನ್ನೆಲ್ಲ ಹಾಳು ಮಾಡಿದಳು ಎಂದು. ಆಮೇಲೆ ಬಾಗಿಲಿಗೆ ಬಂದು, ಈಗ ಸರಿಯಾದಳಲ್ಲ, ಅವಳ ಹತ್ತಿರ ತಾಯಿ ಇರಲಿ, ಉಳಿದವರು ಉಳಿದದ್ದನ್ನು ಆಡಿ ಬರೋಣ ಎಂದರು. ನಾನು ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ. ಅವರು ಇದನ್ನು ಅಂದರು. ಮಂಜನ ಕೈ ಹಿಡಿದು ಹೊರಟರು. ದೊಡ್ಡಮ್ಮ ಹಿಂದೆ ತಿರುಗಿ ನೋಡುತ್ತಾ ನೋಡುತ್ತಾ ಹೋದರು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಒಮ್ಮೆ ಒಳಗೆ ನೋಡಿದ, ಒಮ್ಮೆ ಹೊರಗೆ. ದೊಡ್ಡಪ್ಪ ದೂರದಿಂದ ಅವನ ಹೆಸರು ಕರೆದರು. ಅಪ್ಪ ಹೋದ.

ದೊಡ್ಡಪ್ಪನ ಮೇಲಿನ ಸಿಟ್ಟು ನನಗೆ ಬೆನ್ನಿಗೆ ಅಂಟಿದ ಹಳೆಯ ನೋವಿನಂತೆ, ಅಭ್ಯಾಸವಾಗಿಬಿಟ್ಟಿದೆ. ಅಪ್ಪನ ಮೇಲಿನದು ಹಾಗಲ್ಲ. ಅವನು ಕೆಟ್ಟವನಾಗಿರಲಿಲ್ಲ. ನಮಗೆ ಕಂಪನಿಯ ಕ್ಯಾಂಟೀನಿನಿಂದ ಬನ್ನು ಮುಚ್ಚಿಟ್ಟುಕೊಂಡು ತರುತ್ತಿದ್ದವನು. ಆ ಬಾಗಿಲಿನಿಂದ ಅವನು ತಿರುಗಿದ ಬೆನ್ನನ್ನು ಕಂಡಾಗ ನನ್ನೊಳಗೆ ಏನೋ ಮುಚ್ಚಿಕೊಂಡಿತು. ಅದನ್ನು ಪೂರ್ತಿ ತೆರೆಯಲು ನನ್ನಿಂದ ಇವತ್ತಿಗೂ ಆಗಿಲ್ಲ. ದೊಡ್ಡವಳಾದ ಮೇಲೆ, ನನಗೆ ಮಕ್ಕಳಾದ ಮೇಲೆ, ಅವನು ಒಮ್ಮೆ ಆ ದಿನದ ಮಾತು ಎತ್ತಿ, ಅವತ್ತು ಅಣ್ಣ ಕರೆದಾಗ ಎಂದು ಶುರು ಮಾಡಿದ. ಕಾಫಿ ಆರುತ್ತದೆ ಕುಡಿಯಪ್ಪ ಎಂದೆ. ಅವನು ಕುಡಿದ.

ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನರ್ಸ್ ಹೇಳಿದಂತೆ ಅವ್ವ ರೇಖಾಳನ್ನು ಸೊಂಟಕ್ಕೆ ಎತ್ತಿಕೊಂಡು, ಒದ್ದೆ ಸೀರೆಯಲ್ಲೇ, ನನ್ನ ಕೈ ಹಿಡಿದು ಪಾರ್ಕಿನಿಂದ ಹೊರಬಿದ್ದಳು. ವ್ಯಾನಿನ ಹತ್ತಿರ ಹೋಗಲಿಲ್ಲ. ಹೆದ್ದಾರಿಗೆ ಬಂದು ಬಸ್ಸಿಗೆ ಕೈ ಅಡ್ಡ ಹಾಕಿದಳು. ರಾಮನಗರದ ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಕೊಟ್ಟು, ಹೊಗೆ ಧೂಳು ಇಲ್ಲದ ಕಡೆ ಮಲಗಿಸಬೇಕು, ಮತ್ತೆ ಹೀಗಾದರೆ ಉಳಿಯುವುದು ಕಷ್ಟ ಎಂದರು. ಅವ್ವ ಅದನ್ನು ಎರಡು ಸಲ ಕೇಳಿ ಖಾತರಿ ಮಾಡಿಕೊಂಡಳು. ಚನ್ನಪಟ್ಟಣಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಮನೆ ಸೇರುವಾಗ ಇನ್ನೂ ಬೆಳಕಿತ್ತು. ಅವ್ವ ನೇರವಾಗಿ ಹುಳುವಿನ ಕೋಣೆಯ ಚಿಲಕ ತೆಗೆದಳು. ನಾಳೆ ಎರಚಲೆಂದು ಬಾಗಿಲಲ್ಲಿ ಇಟ್ಟಿದ್ದ ಬ್ಲೀಚಿಂಗ್ ಪುಡಿಯ ಚೀಲವನ್ನು ಹಿತ್ತಿಲಿನವರೆಗೆ ಎಳೆದುಹಾಕಿದಳು. ಕಿಟಕಿಯ ಕೆಳಗೆ ಹಾಸಿಗೆ ಬಿಡಿಸಿ ರೇಖಾಳನ್ನು ಮಲಗಿಸಿದಳು. ಆಮೇಲೆ ಸೀರೆ ಬದಲಿಸಿ ಬಂದು ಹೊಸಿಲ ಮೇಲೆ ಕೂತಳು.

ವ್ಯಾನು ದೀಪ ಹಚ್ಚುವ ಹೊತ್ತಿಗೆ ಬಂತು. ಬುತ್ತಿಯೂ ಹಾಗೇ ವಾಪಸು ಬಂತು. ಹಳಸಿದ ಮೊಸರನ್ನದ ವಾಸನೆ ಅಂಗಳದಲ್ಲೇ ಬಡಿಯಿತು. ದೊಡ್ಡಪ್ಪ ಕೋಣೆಯ ಬಾಗಿಲು ತೆರೆದಿದ್ದನ್ನು ಕಂಡು ಅಲ್ಲೇ ನಿಂತರು. ನಾಲ್ಕು ದಿನದಲ್ಲಿ ಹೊಸ ಮರಿಹುಳು ಬರುತ್ತದೆ, ಅದನ್ನು ಎಲ್ಲಿ ಸಾಕೋದು ಎಂದು ಅಪ್ಪನನ್ನು ಕೇಳಿದರು. ಉತ್ತರ ಅವ್ವ ಕೊಟ್ಟಳು.

"ನಡುಮನೇಲಿ ಸಾಕಿ. ನಾವಲ್ಲೇ ಇದ್ವಲ್ಲ, ಸಾಯ್ಲಿಲ್ಲ. ನನ್ ಮಗಳು ಇನ್ಮ್ಯಾಕೆ ಇಲ್ಲೇ ಮಲಗೋದು."

ಇದೇ ಮಾತಾದರೆ ಈ ಮನೆಯಲ್ಲಿ ಒಂದೇ ಒಲೆ ಉರಿಯುವುದಿಲ್ಲ ಎಂದರು ದೊಡ್ಡಪ್ಪ. ಅವರು ಹೆದರಿಸಲು ಅಂದಿದ್ದರು. ಅವ್ವ ಆಗಲಿ ಎಂದಳು. ಅಪ್ಪನ ಕಡೆ ತಿರುಗಿ, ನೀವು ಅಣ್ಣನ ಜೊತೆಗೇ ಉಣ್ಣುವುದಾದರೆ ಉಣ್ಣಿ, ನಾನು ಮಕ್ಕಳನ್ನು ಕರೆದುಕೊಂಡು ಕುದೂರಿಗೆ, ತವರಿಗೆ ಹೋಗುತ್ತೇನೆ ಎಂದಳು. ಅಪ್ಪನ ತಲೆಗೂದಲು ಇನ್ನೂ ಒದ್ದೆಯಾಗಿತ್ತು. ಅವನು ಗೋಡೆಗೆ ಒರಗಿ ನಿಂತು, ಯಾರ ಕಡೆಯೂ ನೋಡದೆ ಹೇಳಿದ:

"ಭಾಗ ಮಾಡ್ಬುಡಣ್ಣ."

ಊರಿನ ಹಿರಿಯರು ಬಂದರು. ಅವರೂ ಅವ್ವನನ್ನೇ ಅಂದರು. ನೀರಾಟಕ್ಕೆ ಹೋಗಿ ಮನೆ ಒಡೆದ ಹೆಂಗಸು ಎಂಬ ಹೆಸರು ಅವಳಿಗೆ ನಿಂತಿತು. ಮದುವೆ ಮುಂಜಿಯಲ್ಲಿ ಈಗಲೂ ಯಾರಾದರೂ ನಗುತ್ತಾ ಆ ಮಾತು ಆಡಿದರೆ ನಾನು ನಗುವುದಿಲ್ಲ, ಎದ್ದು ಹೋಗುವುದೂ ಇಲ್ಲ. ನನ್ನ ತಂಗಿಯ ತುಟಿಯ ಬಣ್ಣ ಹೇಗಿತ್ತು ಎಂದು ಅವರ ಎಲೆಯ ಮುಂದೆಯೇ ಹೇಳುತ್ತೇನೆ. ರೇಖಾಳಿಗೆ ಇದು ಇಷ್ಟವಾಗುವುದಿಲ್ಲ. ಅವಳಿಗೆ ಆ ದಿನದಿಂದ ಉಳಿದಿರುವುದು ಆ ಮೊದಲನೆಯ ಅಲೆ ಮಾತ್ರವಂತೆ. ಇರಲಿ, ಅವಳಿಗೆ ಅದಿರಲಿ.

ನಡುಮನೆಯ ಮಧ್ಯೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ಗಾಳಿಯ ಕೋಣೆ ನಮ್ಮ ಭಾಗಕ್ಕೆ ಬಂತು. ದೊಡ್ಡಪ್ಪ ಹಿತ್ತಿಲಿನಲ್ಲಿ ಹುಳುವಿಗೆಂದು ತಗಡಿನ ಮನೆ ಕಟ್ಟಿದರು. ದೊಡ್ಡಮ್ಮನ ಕೆಲಸ ಅವ್ವನ ಪಾಲಿನದೂ ಸೇರಿ ಎರಡರಷ್ಟಾಯಿತು. ಎರಡು ಮನೆಗೂ ಮಾತು ನಿಂತಿತ್ತು. ಒಂದು ಮಧ್ಯಾಹ್ನ, ದೊಡ್ಡಪ್ಪ ಉಂಡು ತೋಟಕ್ಕೆ ಹೋದ ಹೊತ್ತಿನಲ್ಲಿ, ದೊಡ್ಡಮ್ಮ ಹಿತ್ತಿಲ ಬಾಗಿಲಿನಿಂದ ನಮ್ಮ ಮನೆಗೆ ಬಂದರು. ಏನು ಬೇಕಕ್ಕ ಎಂದು ಅವ್ವ ಕೇಳಿದಳು. ಏನೂ ಬೇಡ ಎಂದರು. ಕೋಣೆಗೆ ಹೋಗಿ, ರೇಖಾಳ ಹಾಸಿಗೆಯ ಪಕ್ಕ ಬರಿ ನೆಲದ ಮೇಲೆ ಸೆರಗು ಹಾಸಿ, ಕಾಲು ನೀಡಿ ಮಲಗಿದರು. ಮಲಗಿದ ಕೂಡಲೇ ನಿದ್ದೆ ಹೋದರು. ಅಷ್ಟು ಗಾಢವಾಗಿ ಹಗಲಲ್ಲಿ ಮಲಗಿದ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವ್ವ ಬಾಗಿಲು ಅರ್ಧ ಮುಂದೆ ಮಾಡಿ, ಹೊರಗೆ ಅವರೆಕಾಯಿ ಬಿಡಿಸುತ್ತಾ ಕೂತಳು.

ಸ್ವಲ್ಪ ಹೊತ್ತಿಗೆ ದೊಡ್ಡಪ್ಪನ ಧ್ವನಿ ಹಿತ್ತಿಲಿನಲ್ಲಿ ಕೇಳಿತು. ಸಾಕೀ, ಸಾಕೀ ಎಂದು ತಗಡಿನ ಮನೆಯ ಹತ್ತಿರ ಕರೆದು, ಅಡುಗೆಮನೆಯಲ್ಲಿ ಕರೆದು, ಕೊನೆಗೆ ನಮ್ಮ ಬಾಗಿಲಿಗೇ ಬಂದು ನಿಂತರು. ಭಾಗವಾದ ಮೇಲೆ ಅವರು ಅವ್ವನಿಗೆ ಆಡಿದ ಮೊದಲನೆಯ ಮಾತು ಅದು, ಅವಳಿಲ್ಲಿಗೆ ಬಂದಳಾ ಎಂದು. ಅವ್ವ ಸುಳ್ಳು ಹೇಳಿದ್ದನ್ನು ಅವತ್ತಿನವರೆಗೆ ನಾನು ಕಂಡವಳಲ್ಲ. ಅವಳು ಏಳಲೂ ಇಲ್ಲ. ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡು, ಸಿಪ್ಪೆ ಸುಲಿಯುತ್ತಾ ಹೇಳಿದಳು:

"ಇಲ್ಲ ಭಾವ, ಈ ಕಡೆ ಬಂದಿಲ್ಲ."